ಮಾವನ ಫೋನಿಗೆ ಮೂರು ಬೆಲ್

ಬಂಗಾರಪೇಟೆಯಲ್ಲಿ ಊರವರ ಮೊಬೈಲೆಲ್ಲ ಬಿಚ್ಚಿ ಜೋಡಿಸುವ ನನಗೆ ಸೋದರಮಾವನ ಬೆರಳು ಮಾತ್ರ ದೊಡ್ಡ ತಲೆನೋವಾಗಿತ್ತು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ವರ್ಷಗಟ್ಟಲೆ ಬಂಡೆ ಕೊರೆದು, ಈಗಲೂ ಅಲ್ಲೇ ಇರುವವನ ಬೆರಳು; ತುದಿ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಅವನು ಒತ್ತಿದ್ದು ಫೋನಿನ ಗಾಜಿಗೆ ಗೊತ್ತೇ ಆಗುತ್ತಿರಲಿಲ್ಲ. ಹಳೇ ಗುಂಡಿ ಫೋನು ಕೊಡೋಣವೆಂದರೆ, ಅವನು ಮಾತಾಡಬೇಕಾದದ್ದು ತನ್ನ ತಂಗಿಯ ಜೊತೆ, ಅಂದರೆ ನನ್ನ ಮನೆಯಲ್ಲಿರುವ ಅಮ್ಮನ ಜೊತೆ. ಅಮ್ಮನಿಗೆ ಕಿವಿ ಪೂರ್ತಿ ಹೋಗಿದೆ. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾಳೆ. ಹಾಗಾಗಿ ವಿಡಿಯೋ ಕಾಲೇ ಆಗಬೇಕು. ಸಂಜೆ ಅಣ್ಣನ ಮುಖ ಕಾಣದಿದ್ದರೆ ಆಕೆಗೆ ಊಟ ಸೇರದು.

ನಾನು ಬುದ್ಧಿವಂತ ಎಂಬ ನಂಬಿಕೆ ಆಗ ನನಗಿತ್ತು. ಫೋನು ತಯಾರಿಸಿದ ಕಂಪನಿಯವರು ತಮ್ಮ ಸ್ವಂತಕ್ಕೆಂದು ಅದರೊಳಗೆ ಕೆಲವು ಒಳಬಾಗಿಲು ಇಟ್ಟುಕೊಂಡಿರುತ್ತಾರೆ. ಯಾವ ಆಪ್ ಎಬ್ಬಿಸಬೇಕು, ಯಾವುದನ್ನು ಮಲಗಿಸಬೇಕು ಎಂದು ಅಲ್ಲಿ ನೇರವಾಗಿ ಹೇಳಬಹುದು, ಪರದೆ ಮುಟ್ಟುವ ಗೊಡವೆಯೇ ಇಲ್ಲ. ಹೊರಗಿನವರು ಅತ್ತ ಸುಳಿಯಬಾರದೆಂಬುದು ನಿಯಮ. ಆದರೆ ಗಣಿ ಕಂಪನಿಯ ಬೇಲಿಯ ಕಿಂಡಿಯಲ್ಲಿ ನುಸುಳಿಯೇ ಸ್ಕೂಲಿಗೆ ಹೋದವನು ನಾನು. ಒಂದು ಚಿಕ್ಕ ಪ್ರೋಗ್ರಾಂ ಬರೆದು ಆ ಬಾಗಿಲಲ್ಲಿ ತೂರಿಸಿದೆ. ಸಂಜೆಯಾದರೆ ಫೋನು ತಾನೇ ಅಮ್ಮನಿಗೆ ಕಾಲ್ ಹಚ್ಚುತ್ತಿತ್ತು.

ಮೊದಲ ದಿನ ಅಮ್ಮನಿಗೆ ಕಂಡದ್ದು ಲಂಗೋಟಿಯಲ್ಲಿ ನಿಂತು ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಣ್ಣ.

"ಬೆಲ್ ಕೊಡ್ದೆ ಕೇಜ್ ಎಳೀತಾರೇನ್ಲಾ?" ಎಂದ ಮಾವ ಮಾರನೆಯ ದಿನ, ಮುಖ ಕೆಂಪಗೆ ಮಾಡಿಕೊಂಡು.

ಗಣಿಗೆ ಆಳುಗಳನ್ನು ಇಳಿಸಿ ಹತ್ತಿಸುತ್ತಿದ್ದ ಕಬ್ಬಿಣದ ಪಂಜರವೇ ಕೇಜು. ಮನುಷ್ಯರು ಹತ್ತುವವರಿದ್ದರೆ ಮೂರು ಬೆಲ್ ಕೊಡಬೇಕು. ಮೇಲಿನಿಂದ ಮೂರು ಬೆಲ್ ವಾಪಸ್ ಬರಬೇಕು. ಅದು ಬರುವ ತನಕ ಯಾರೂ ಕಾಲಿಡುವಂತಿಲ್ಲ, ಮತ್ತೆ ಬೆಲ್ ಒತ್ತುವಂತೆಯೂ ಇಲ್ಲ. ಸರಿ, ಹಾಗೇ ಮಾಡಿಕೊಟ್ಟೆ. ಪಕ್ಕದ ವಾಲ್ಯೂಮ್ ಗುಂಡಿ ಮೂರು ಸಲ ಒತ್ತಿದರೆ ಫೋನು ಮೂರು ಸಲ ಗುರ್ ಎಂದು ನಡುಗಿ, ಆಮೇಲೆ ಕಾಲ್ ಹಚ್ಚುವುದು. ಮಾವ ಖುಷಿಯಾದ. ಅಣ್ಣ ತಂಗಿ ದಿನಾ ಮುಖ ನೋಡಿಕೊಂಡು ಜಗಳವಾಡುತ್ತಿದ್ದರು, ನಾನು ಬೀಗುತ್ತಿದ್ದೆ.

ಒಂದು ದಿನ ಫೋನಿಗೆ ಅಪ್‌ಡೇಟ್ ಬಂತು. ಒಳಬಾಗಿಲಿಗೆ ಯಾರೋ ಬೀಗ ಜಡಿದಿದ್ದರು. ಬಾಗಿಲು ಅವರದು, ಬೀಗವೂ ಅವರದು, ಯಾರ ಮೇಲೆಂದು ಕೂಗಾಡಲಿ?

ಆ ಸಂಜೆ ಮಾವ ಮೂರು ಸಲ ಒತ್ತಿ, ಉತ್ತರ ಬರಲೆಂದು ಕಾದು ಕೂತ. ನಿಯಮವೆಂದರೆ ನಿಯಮ, ಮತ್ತೆ ಒತ್ತಲೇ ಇಲ್ಲ. ಇತ್ತ ನಾನು ಮಾಡಿದ ಕಾಲನ್ನು ಎತ್ತಲು ಅವನ ಬೆರಳಿಗೆ ಆಗಲಿಲ್ಲ. ಅಣ್ಣನಿಗೇನೋ ಆಗಿದೆಯೆಂದು ಅಮ್ಮ ತಟ್ಟೆ ಸರಿಸಿ ಎದ್ದಳು. ನನಗೂ ನಿಜಕ್ಕೂ ಹೆದರಿಕೆಯಾಯಿತು.

ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಗಣಿಯ ಕಡೆಯಿಂದ ಬರುವ ಮಾರಿಕುಪ್ಪಂ ರೈಲಿಳಿದು ಮಾವನೇ ಬಾಗಿಲಿಗೆ ಬಂದಿದ್ದ.

"ಮೇಲಿಂದ ಬೆಲ್ ಬರ್ಲಿಲ್ಲ ಅಂದ್ರೆ ಏಣಿ ಅತ್ಕೊಂಡೇ ಬರ್ಬೇಕಲ್ಲಾ," ಎಂದ. ಅಮ್ಮ ಅವನ ಕೆನ್ನೆ, ತೋಳು ಎಲ್ಲ ಮುಟ್ಟಿ ನೋಡಿ, ಆಮೇಲೆ ಬೈಯತೊಡಗಿದಳು. ಫೋನಿನಲ್ಲಿ ಬೈದದ್ದೆಲ್ಲ ಬರೀ ತಾಲೀಮು ಎಂದು ಆಗ ಗೊತ್ತಾಯಿತು.

ಅಂದಿನಿಂದ ಮಾವ ಎರಡು ದಿನಕ್ಕೊಮ್ಮೆ ರೈಲು ಹತ್ತಿದ. ನಾನು ಸುಮ್ಮನಿರಬೇಕಿತ್ತು. ಹಟಕ್ಕೆ ಬಿದ್ದು ಇನ್ನೊಂದು ಕಿಂಡಿ ಹುಡುಕಿ ಪ್ರೋಗ್ರಾಂ ಸರಿಮಾಡಿದೆ. ಅವನು ಮನೆಗೆ ಬಂದಾಗ ಫೋನು ಕೈಗಿಟ್ಟೆ. ಮೂರು ಸಲ ಒತ್ತಿದ. ಫೋನು ಮೂರು ಸಲ ನಡುಗಿತು. ಪಕ್ಕದ ಕೋಣೆಯಲ್ಲಿಟ್ಟಿದ್ದ ಅಮ್ಮನ ಫೋನು ಬೆಳಗುವ ಮೊದಲೇ ಅವನು ತನ್ನದನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡ.

"ಸರ್ಯಾಗೇ ಅದೆ. ಅವ್ಳಿಗೆ ಏಳ್ಬ್ಯಾಡ ಕಣ್ಲಾ," ಎಂದ ಮೆಲ್ಲಗೆ.

ತಂಗಿಯೆದುರು ದನಿ ತಗ್ಗಿಸಿದರೆ ಪ್ರಯೋಜನವಿಲ್ಲವೆಂಬುದನ್ನು ಮರೆತಿದ್ದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ತುಟಿಯನ್ನೇ ನೋಡುತ್ತಿದ್ದಳು.

"ನಾಡಿದ್ದು ಬರ್ತೀಯಲ್ಲಣ್ಣ," ಎಂದಳು. "ಮುದ್ದೆಗೆ ಉಪ್ಸಾರು ಮಾಡಿರ್ತೀನಿ."