ಬಾಗಿಲು ದಾಟಿ ಹೋದ ಬ್ಯಾಂಡು

ನಿಪ್ಪಾಣಿಯ ಹೈವೇಯಲ್ಲಿ ಲಾರಿಯೊಂದು ‘ಹುಸ್ಸ್’ ಎಂದು ಬ್ರೇಕಿನ ಗಾಳಿ ಬಿಟ್ಟರೆ ಸಾಕು, ನಮ್ಮ ಚರ್ಚಿನ ಪೈಪ್ ಆರ್ಗನ್ ನೆನಪಾಗುತ್ತದೆ. ನುಡಿಯುವ ಮೊದಲು ಅದೂ ಹೀಗೇ ತಿದಿ ತುಂಬ ಉಸಿರು ಎಳೆದುಕೊಳ್ಳುತ್ತಿತ್ತು. ಚರ್ಚಿನ ಹಿಂದೆಯೇ ನಮ್ಮ ಬಂಗಲೆ. ಒಳಗೆ ಮೇಣದ ಪಾಲಿಶ್ ವಾಸನೆ, ಹಿತ್ತಲಿನಾಚೆಯಿಂದ ತಂಬಾಕಿನ ವಖಾರಿಯ ಘಾಟು. ರಸ್ತೆಯಲ್ಲಿ ಮದುವೆಯ ಬ್ಯಾಂಡ್ ಬಂದರೆ ಮಮ್ಮಿ ಕಿಟಕಿಗಳನ್ನೆಲ್ಲ ಹಾಕಿಬಿಡುತ್ತಿದ್ದಳು. “ಬೇಬಿ, ದಟ್ ಈಸ್ ನಾಟ್ ಮ್ಯೂಸಿಕ್” ಎನ್ನುತ್ತಿದ್ದಳು. ನಾನು ನಂಬಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಎಲ್ಲದಕ್ಕಿಂತ ಗಟ್ಟಿಯಾಗಿ ಅದೊಂದು ಮಾತು ನನ್ನಲ್ಲಿ ಉಳಿಯಿತು. ಈಗ ಮಮ್ಮಿ ಇಲ್ಲ, ಬಂಗಲೆಯೂ ಇಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು, ನನಗಾಗಲೇ ಅರವತ್ತರ ಹತ್ತಿರ. ಚರ್ಚಿನ ಕಮಿಟಿಗೆ ಇದ್ದಕ್ಕಿದ್ದಂತೆ ಕಲ್ಚರ್ ಅಂಟಿಕೊಂಡಿತು. ‘ಕ್ಲಾಸಿಕಲ್ ಕಾನ್ಸರ್ಟ್: ಆರ್ಗನ್, ಬ್ರಾಸ್ ಅಂಡ್ ಪರ್ಕಶನ್’ ಎಂದು ಚಿನ್ನದ ಅಕ್ಷರದ ಕಾರ್ಡು ಬೇರೆ. ಆರ್ಗನ್ನಿಗೆ ನಾನು. ನಡೆಸಿಕೊಡಲು ಪುಣೆಯಿಂದ ಒಬ್ಬ ಸಾಹೇಬರು; ಕೈಯಲ್ಲಿ ಕೋಲು, ಏಪ್ರಿಲ್ ಬಿಸಿಲಲ್ಲೂ ಕೊರಳಿಗೆ ರೇಷ್ಮೆ ಮಫ್ಲರು. ಅವರು ಕರೆತರುತ್ತೇನೆಂದಿದ್ದ ತುತ್ತೂರಿಯವರು ಬರಲೇ ಇಲ್ಲ. ಕೊನೆಗೆ ಊರಿನ ಮದುವೆ ಬ್ಯಾಂಡಿನ ದಸ್ತಗೀರ್ ಮಾಸ್ತರರನ್ನು ಕರೆಸಿದರು. ಕಾರ್ಡಿನಲ್ಲಿ ಅವರ ಹೆಸರಿಲ್ಲ. ‘ಬ್ರಾಸ್’ ಅಷ್ಟೇ, ಪಾತ್ರೆ ಅಂಗಡಿಯ ಬೋರ್ಡಿನ ಹಾಗೆ.

ಮಾಸ್ತರರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂಗೈಯಿಂದ ತುತ್ತೂರಿ ಒರೆಸುತ್ತ, “ಮದುವಿಯಾಗ ನಮ್ಮನ್ನ ಯಾರೂ ಕೇಳಾಂಗಿಲ್ರಿ ಅಕ್ಕೋರ, ಕುಣೀತಾರ ಅಷ್ಟ. ಜನಾ ಸುಮ್ಮ ಕುಂತು ಕೇಳೂದು ಒಮ್ಮೆರೆ ಆಗಬೇಕ್ರಿ” ಅಂದರು. ನಾನು “ಶ್ಯೂರ್, ಶ್ಯೂರ್” ಅಂದೆ.

ನೊಟೇಶನ್ ಓದಲು ಬಾರದ ಹತ್ತು ಜನ, ನಾನು ನುಡಿಸಿದ್ದನ್ನು ಕೇಳಿ ಕೇಳಿಯೇ ನಾಲ್ಕು ದಿನದಲ್ಲಿ ಇಡೀ ಪೀಸ್ ಬಾಯಿಪಾಠ ಮಾಡಿದರು. ಆದರೆ ಕುರ್ಚಿಯ ಮೇಲೆ ಕೂರಿಸಿದೊಡನೆ ಲಯ ತಪ್ಪುತ್ತಿತ್ತು. “ನೋ ಸೆನ್ಸ್ ಆಫ್ ಟೈಮ್!” ಎಂದು ಸಾಹೇಬರು ಕೋಲು ಕುಟ್ಟಿದರು.

“ನಮ್ಮ ತಾಳ ಕಾಲಾಗ ಐತ್ರಿ ಸಾಹೇಬ್ರ. ನಮ್ಮನ್ನ ಕುಂದ್ರಿಸಿದ್ರ ಅದೂ ಕುಂದರತೈತಿ” ಅಂದರು ಮಾಸ್ತರರು.

ಹುಟ್ಟಿದಾಗಿನಿಂದ ನಡೆಯುತ್ತಲೇ ಊದಿದವರು. ಕೊನೆಗೆ ಸಾಹೇಬರು ಸೋತು, ಬ್ಯಾಂಡಿನವರು ಬೆಂಚುಗಳ ನಡುವೆ ಬಾಗಿಲ ತನಕ ಊದುತ್ತ ನಡೆದು ತಿರುಗಿ ಬರುವುದಕ್ಕೆ ಒಪ್ಪಿದರು. ಅಭ್ಯಾಸದ ದಿನ ಬಾಗಿಲು ಮುಟ್ಟುವಷ್ಟರಲ್ಲಿ ಚಹಾ ಬಂತು. ತಿರುಗುವುದನ್ನು ಯಾರೂ ಮಾಡಿ ನೋಡಲಿಲ್ಲ.

ಕಾನ್ಸರ್ಟಿನ ಸಂಜೆ ಅವರು ನಡೆಯತೊಡಗಿದಾಗ ಆರ್ಗನ್ನಿನ ಮಂದ್ರ ನೆಲದಿಂದ ಏರಿತು, ತುತ್ತೂರಿಗಳು ಅದರ ಮೇಲೆ ಬಿಸಿಲಿನಂತೆ ಬಿದ್ದವು, ತಾಶಾದವನು ಗಾಜು ನಡುಗುವಂತೆ ಬಡಿದ. ಮೊಬೈಲು ಒತ್ತುತ್ತಿದ್ದ ಚೀಫ್ ಗೆಸ್ಟ್ ಕೂಡ ತಲೆ ಎತ್ತಿದರು. ಜನ ಕೂತು ಕೇಳುತ್ತಿದ್ದರು! ಬಾಗಿಲು ಬಂತು. ಬ್ಯಾಂಡು ತಿರುಗಲಿಲ್ಲ. ಹೊರಟ ಮೆರವಣಿಗೆಯನ್ನು ಹಿಂದಕ್ಕೆ ಹೊರಳಿಸುವುದು ಅಪಶಕುನ. ತಿರುಗುವುದು ಆ ಕಾಲುಗಳಿಗೆ ಗೊತ್ತೇ ಇರಲಿಲ್ಲ. ಊದುತ್ತ ಊದುತ್ತ ಮೆಟ್ಟಿಲಿಳಿದು ಕಾಂಪೌಂಡಿನ ಗೇಟಿನ ತನಕ ಹೋಗಿಬಿಟ್ಟರು. ಸಾಹೇಬರ ಕೋಲು, ನೊಣ ಹೊಡೆಯಲು ಎತ್ತಿದ ಹಾಗೆ, ಗಾಳಿಯಲ್ಲೇ ನಿಂತಿತು.

“ನೋಡ್ರಿ, ಮದುವಿ ಮನಿ ಹುಡುಕ್ಕೊಂಡ ಹೊಂಟಾರ!” ಎಂದರು ಕಮಿಟಿಯ ಹಿರಿಯರು. ಮುಂದಿನ ಸಾಲು ಕಿಸಕ್ಕೆಂದಿತು. ಸಂಗೀತದ ಗಂಧವಿಲ್ಲದ, ಚಪ್ಪಾಳೆ ಎಲ್ಲಿ ತಟ್ಟಬೇಕೆಂದು ಪಕ್ಕದವರ ಕೈ ನೋಡುವ ಸಾಲು ಅದು. ನಾನು ನುಡಿಸುತ್ತಲೇ ಇದ್ದಿದ್ದರೆ ಪೀಸ್ ಪೂರ್ತಿ ಮುಗಿಯುತ್ತಿತ್ತು. ಗೇಟಿನ ಬಳಿ ಅವರು ಊದುವುದನ್ನು ನಿಲ್ಲಿಸಿರಲಿಲ್ಲ. ನಾನು ಆರ್ಗನ್ನಿನಿಂದ ಕೈ ಎತ್ತಿದೆ. ಎತ್ತಿ, ಆ ಸಾಲಿಗೆ ಕೇಳುವ ಹಾಗೆ, “ವಾಟ್ ಡು ಯು ಎಕ್ಸ್‌ಪೆಕ್ಟ್ ಫ್ರಮ್ ಎ ವೆಡ್ಡಿಂಗ್ ಬ್ಯಾಂಡ್?” ಅಂದೆ. ಎಂಥ ನಗು ಎದ್ದಿತು! ಯಾರೋ ಬಾಗಿಲು ಹಾಕಿದರು. ವಂದನಾರ್ಪಣೆ ಶುರುವಾಯಿತು; ಮೈಕಿನ ಸದ್ದಿನಲ್ಲಿ ಹೊರಗಿನದು ಏನೂ ಕೇಳಲಿಲ್ಲ. ಆ ಸಾಲಿನವರೆಲ್ಲರ ಮೇಲೆ ನನಗೆ ಇಂದಿಗೂ ತಾತ್ಸಾರ. ಅವರಲ್ಲಿ ಮೊದಲಿನವಳು ನಾನು.

ಆಮೇಲೆ ಮದುವೆಗಳಿಗೆ ಡಿಜೆ ಗಾಡಿಗಳು ಬಂದವು, ಬ್ಯಾಂಡು ಚದುರಿತು. ಎಷ್ಟೋ ವರ್ಷದ ಮೇಲೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರರು ಸಿಕ್ಕರು. ತೀರ ಸೊರಗಿದ್ದರು, ಭೋಜ ಗ್ರಾಮದ ಮಗಳ ಮನೆಗೆ ಹೊರಟಿದ್ದರು. ಎದ್ದು ನನಗೆ ಜಾಗ ಕೊಟ್ಟರು.

“ಅವತ್ತ ನಾವು ಹೊರಗ ನಿಂತು ಪೂರಾ ಬಾರಿಸಿದ್ವಿರಿ ಅಕ್ಕೋರ. ನಿಮಗ ಕೇಳಿಸ್ತೇನ್ರಿ?”

“ಕೇಳಿಸಿತು ಮಾಸ್ತರ್ರ.”

ಅವರ ಮುಖ ಬೆಳಗಿತು. “ಹೌದ್ರಿ? ಕಡೀ ಸ್ವರ ಹೆಂಗ ಬಂದಿತ್ರಿ?”

“ವೆರಿ ಗುಡ್” ಅಂದೆ.

ನಾನು ಇನ್ನೂ ಏನಾದರೂ ಹೇಳುತ್ತೇನೆಂದು ಅವರು ಕಾದರು. ಬಸ್ಸು ಬಂತು. ಹಣೆಗೆ ಕೈ ಮುಟ್ಟಿಸಿ, ಹತ್ತಿ, ಕಿಟಕಿಯ ಪಕ್ಕ ಕೂತರು. ಬಸ್ಸು ತಿರುಗುವ ತನಕ ನನ್ನ ಬಾಯಿಯನ್ನೇ ನೋಡುತ್ತಿದ್ದರು.