ಕೈ ತೊಳೆಯುವಲ್ಲಿ ನಿಲ್ಲುತ್ತಿದ್ದ ಇನಾಮದಾರ ಸರ್

ಮದುವೆ ಮನೆಯಲ್ಲಿ ಇನಾಮದಾರ ಸರ್ ಅವರನ್ನು ಹುಡುಕಬೇಕೆಂದರೆ ಮಂಟಪದ ಕಡೆ ಹೋಗಬಾರದು. ಉಂಡವರು ಕೈ ತೊಳೆಯುವ ನಲ್ಲಿಗಳ ಪಕ್ಕ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ನಿಂತಿರುತ್ತಿದ್ದರು. "ಎಂಥಾ ದೊಡ್ಡ ಮನಷ್ಯಾ ಆದ್ರೂ ಇಲ್ಲಿಗೆ ಒಬ್ಬನ ಬರ್ತಾನ. ಹೊಟ್ಟಿ ತುಂಬಿರ್ತದ, ಕೈ ಹಸಿ ಇರ್ತದ, ಫೋನ್ ಎತ್ತಲಿಕ್ಕೆ ಬರೂದಿಲ್ಲ. ಟವೆಲ್ ಕೊಟ್ಟು ಮಾತಿಗೆ ಹಚ್ಚೂದು," ಎನ್ನುತ್ತಿದ್ದರು.

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಕಾಮರ್ಸ್ ಕಲಿಸಿ ನಿವೃತ್ತರಾದವರು, ನನಗೂ ಕಲಿಸಿದ್ದರು. ಆಮೇಲೆ ಹಿಡಿದದ್ದು ಗಂಡು-ಹೆಣ್ಣು ಕೂಡಿಸುವ ಕೆಲಸ. ಬಾದಾಮಿಯಿಂದ ಹುನಗುಂದದವರೆಗೆ ಅವರಿಗೆ ಗೊತ್ತಿಲ್ಲದ ಮನೆತನ ಇರಲಿಲ್ಲ. ಆ ವಿದ್ಯೆಯನ್ನೆಲ್ಲ ನನ್ನ ನೌಕರಿಯ ಮೇಲೆ ಪ್ರಯೋಗಿಸಿದ್ದು ಮಾತ್ರ ನನ್ನ ಗ್ರಹಚಾರ.

ನಾನಾಗ ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಜನರಲ್ ಮ್ಯಾನೇಜರ್. ಮಾಲಕರ ಅಳಿಯ ಪಕ್ಕದ ಕೋಣೆಗೆ ಬಂದು ಕೂತ ಮೇಲೆ ನನ್ನ ಸಹಿ ಬರೀ ಅಲಂಕಾರವಾಗಿತ್ತು. ಬೇರೆ ಕಡೆ ಹೋಗಬೇಕು, ಆದರೆ ಸುದ್ದಿ ಹೊರಬೀಳಬಾರದು. ಐವತ್ತು ದಾಟಿದ ಮ್ಯಾನೇಜರ್ ಇದ್ದ ಕುರ್ಚಿ ಬಿಟ್ಟರೆ ಇನ್ನೊಂದು ಯಾರು ಕೊಡುತ್ತಾರೆ? ಮೊದಲೇ ನಾನು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಜಾತಿ. ಹೆಂಡತಿಗೂ ಅರ್ಧವೇ ಹೇಳಿದ್ದೆ. ಸರ್‌ಗೆ ಪೂರ್ತಿ ಹೇಳಿದೆ.

"ಯಾರಿಗೂ ಗೊತ್ತಾಗಬಾರದು ಸರ್."

"ನಾ ಯಾರಿಗರೆ ಹೇಳ್ತೇನೇನೋ? ಐತವಾರ ಕೆರೂರಾಗ ಮದುವಿ ಅದ. ಚೊಲೊ ಅಂಗಿ ಹಾಕ್ಕೊಂಡು ಬಾ."

ಕೆರೂರಿನಲ್ಲಿ ನಲ್ಲಿಯ ಬಳಿ ಅವರ ಟವೆಲ್ಲಿಗೆ ಸಿಕ್ಕವರು ಒಂದು ಸಕ್ಕರೆ ಕಾರ್ಖಾನೆಯ ಚೇರ್ಮನ್ನರು. ನನ್ನ ಅನುಭವ, ಸಾಧನೆ ಎಲ್ಲವನ್ನೂ ಕನ್ನಡಿಯ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋಗಿದ್ದೆ. ಸರ್ ನನ್ನನ್ನು ಮುಂದೆ ತಳ್ಳಿದರು. "ಇಂವ ನನ್ನ ಶಿಷ್ಯಾ, ಮೂಲ ಗುಡೂರಿನವ. ನಿಮ್ಮ ತಾಯಿಯವರಂಗ ಇವನ ತಾಯಿಗೂ ಮೊಣಕಾಲ ಆಪರೇಷನ್ ಆಗೇದ. ಹೇಳಪಾ, ಈಗ ಮೆಟ್ಲ ಹತ್ತತಾರಿಲ್ಲೋ?"

ಮೊಣಕಾಲಿನಿಂದ ಶುರುವಾದ ಮಾತು ಮೊಣಕಾಲಿನಲ್ಲೇ ಮುಗಿಯಿತು. ವಾಪಸು ಬರುವಾಗ ತಡೆಯಲಾಗಲಿಲ್ಲ. "ನೌಕರಿ ಮಾತ ಬರಲಿಲ್ಲಲ್ರಿ ಸರ್."

"ಮೊದಲನೇ ಭೆಟ್ಟಿಗೇ ಹೆಣ್ಣು ಕೇಳ್ತಾರೇನೋ ಹುಚ್ಚಪ್ಯಾಲಿ?"

ಆಮೇಲೆ ತಿಂಗಳುಗಟ್ಟಲೆ ಇದೇ. ಮನೆ ಶಾಂತಿ, ಜವಳ, ಸೀಮಂತ. ನನಗೆ ಸಂಬಂಧವಿಲ್ಲದ ಎಷ್ಟೋ ಮನೆಗಳ ಹೋಳಿಗೆ ತಿಂದೆ. ಏರಿದ್ದು ರಕ್ತದ ಸಕ್ಕರೆ ಮಾತ್ರ. ಚೇರ್ಮನ್ನರು ಆಗಾಗ ಫೋನ್ ಮಾಡುತ್ತಿದ್ದರು, ತಾಯಿಯ ಕಾಲಿನ ವ್ಯಾಯಾಮ ಕೇಳಲು.

ಒಂದು ದಿನ ನಮ್ಮ ಮಾಲಕರು ಒಳಗೆ ಕರೆದರು. "ನಿಮ್ಮ ಸರ್ ಬಂದಿದ್ರು. ನಿಮಗೊಂದು ಚೊಲೊ ಜಾಗಾ ನೋಡ್ಯಾರಂತ. ಮನಷ್ಯಾ ಹೆಂಗ, ಚಟಾ ಗಿಟಾ ಏನರೆ ಅದಾವೇನು ಅಂತ ವಿಚಾರಣಿ ಮಾಡಿ ಹೋದ್ರು."

ವರನ ಬಗ್ಗೆ ಅವನ ಓಣಿಯಲ್ಲೇ ವಿಚಾರಿಸಬೇಕು ಎಂಬುದು ಸರ್ ನಿಯಮ. ಅದನ್ನೇ ಪಾಲಿಸಿದ್ದರು.

ನೆಟ್ಟಗೆ ವಿದ್ಯಾಗಿರಿಯ ಅವರ ಮನೆಗೆ ಕಾರು ಓಡಿಸಿದೆ. "ನನ್ನ ಮನಿ ಮುಳುಗಿಸಿದ್ರಿ ಸರ್."

ಅವರು ಪೇಪರು ಮಡಚಿದರು. "ಅಲ್ಲೋ, ಚೇರ್ಮನ್ನರು ನನ್ನ ಮಾತು ಕೇಳಿ ಅಷ್ಟು ದೊಡ್ಡ ಕುರ್ಚಿ ಕೊಡ್ತಾರೇನು? ನಿನ್ನ ಜೋಡಿ ಇಷ್ಟು ವರ್ಷ ಬಾಳ್ವಿ ಮಾಡಿದವರ ಮಾತು ಬೇಕು. ಮತ್ತ ಕದ್ದು ಓಡಿಹೋಗೂ ಗಂಡು ಯಾರಿಗೆ ಬೇಕಾಗೇದ?"

ಎದ್ದು ಬಂದೆ. ಕೆಲಸದಿಂದ ಈಗ ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎಂದು ನಿದ್ದೆಗೆಟ್ಟು ಕಾಯುತ್ತಿದ್ದಾಗ ಸಕ್ಕರೆ ಕಾರ್ಖಾನೆಯಿಂದ ಕರೆ ಬಂತು. ನಮ್ಮ ಮಾಲಕರೇ ಚೇರ್ಮನ್ನರಿಗೆ ಫೋನ್ ಮಾಡಿದ್ದರಂತೆ: "ಆಗಲಾರದ್ದಕ್ಕೂ ಚಿಂತಿ ಮಾಡೂ ಮನಷ್ಯಾ. ಅವರು ಇದ್ರ ನಮಗ ನಿದ್ದಿ ಬರ್ತದ. ನನ್ನ ಅಳಿಯಾಗ ಅವರ ಬೆಲಿ ತಿಳಿವಲ್ದು, ನೀವರೆ ಇಟ್ಕೊಳ್ರಿ."

ನೇಮಕದ ಪತ್ರ ಕೈಗೆ ಬಂದ ವಾರವೇ ಸರ್ ಹೋಗಿಬಿಟ್ಟರು. ಮಲಗಿದವರು ಏಳಲಿಲ್ಲವಂತೆ. ಅವರ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸಬೇಕು ಎಂಬುದನ್ನೂ ಹೇಳಿ ಹೋಗಲಿಲ್ಲ.

ಮೊನ್ನೆ ಇಳಕಲ್ಲಿನಿಂದ ಹಳೆಯ ಮಾಲಕರು ಫೋನ್ ಮಾಡಿದರು. ಅಳಿಯನ ಕೈಯಲ್ಲಿ ಕೆಲಸ ಸಾಗುತ್ತಿಲ್ಲ. ನನ್ನ ಹಳೆಯ ಕುರ್ಚಿಗೆ ಹುನಗುಂದದವರೊಬ್ಬರನ್ನು ನೋಡಿದ್ದಾರೆ. "ಸರ್ ಇಲ್ಲ. ನೀವ ಸ್ವಲ್ಪ ವಿಚಾರಣಿ ಮಾಡ್ರಿ."

ಅಂತರ್ಜಾಲದಲ್ಲಿ ಆ ಮನುಷ್ಯನ ಫೋಟೊ ಇತ್ತು, ನಗು ಇತ್ತು, ಹೊಗಳಿದವರ ದೊಡ್ಡ ಸಾಲೇ ಇತ್ತು. ಮನುಷ್ಯ ಹೇಗೆ ಎಂಬುದು ಮಾತ್ರ ಇರಲಿಲ್ಲ. ನಾಲ್ಕು ಜನರನ್ನು ಕೇಳೋಣವೆಂದರೆ ಯಾರನ್ನು ಕೇಳಬೇಕೋ ಗೊತ್ತಿಲ್ಲ. ಕೊನೆಗೆ, ನನ್ನನ್ನು ನಾನೇ ಬೈದುಕೊಳ್ಳುತ್ತ, ಆತನ ಹೆಂಡತಿಯ ತವರು ಬಾದಾಮಿಯೆಂದು ತಿಳಿದು, ಸರ್ ಮಾಡುತ್ತಿದ್ದ ಹಾಗೆಯೇ ಆ ಮನೆ ಹುಡುಕಿಕೊಂಡು ಹೋದೆ.

ಬಾಗಿಲನ್ನು ಅರ್ಧ ತೆರೆದು ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಪೈಕಿರಿ ನೀವು?"

ಜೇಬಿನಲ್ಲಿ ಸಕ್ಕರೆ ಕಾರ್ಖಾನೆಯ ಹೊಸ ಕಾರ್ಡು ಇತ್ತು. ಕೈ ಅಲ್ಲಿಯವರೆಗೆ ಹೋಗಿ ನಿಂತಿತು.

"ಇನಾಮದಾರ ಸರ್ ಪೈಕಿರಿ," ಎಂದೆ.

ಅಜ್ಜಿ ಬಾಗಿಲನ್ನು ಪೂರ್ತಿ ತೆಗೆದರು.