ಮನೆ ಕಾಯಲು ಇಬ್ಬರು

ನನ್ನ ಗಂಡನ ಹೆಸರು ಮೋನಪ್ಪ. ಅವರು ಇರುವಾಗ ನಾನು ಈ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅವರು ಹೋಗಿ ನಾಲ್ಕು ತಿಂಗಳಾಯಿತು. ಈಗ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ.

ದಾದರ್ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಅವರು ದೋಸೆ ಹೊಯ್ಯುತ್ತಿದ್ದರು. ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ನಿಂತರೆ ರಾತ್ರಿ ಹತ್ತೂವರೆಗೆ ಹೋಟೆಲಿನ ಬಾಗಿಲು ಹಾಕುವವರೆಗೆ ಅಲ್ಲೇ. ಮಲಗುವುದೂ ಅಲ್ಲೇ, ಎರಡು ಮೇಜು ಜೋಡಿಸಿ. ಮಂಗಳವಾರ ರಜೆ.

1952ರಲ್ಲಿ ಮದುವೆಯಾಗಿ ನಾನು ಬೊಂಬಾಯಿಗೆ ಬಂದೆ. ಬಂದದ್ದು ಅವರ ಅಣ್ಣನ ಖೋಲಿಗೆ. ದಾದರಿನ ಒಂದು ಚಾಳು, ಎರಡನೇ ಮಾಳಿಗೆ, ಒಂದೇ ಕೋಣೆ. ಅದರಲ್ಲಿ ಭಾವ ಕೊರಗಪ್ಪ, ಅವರ ಹೆಂಡತಿ ಶೀಲಾವತಿ, ಮೂರು ಮಕ್ಕಳು, ಶೀಲಾವತಿಯ ತಮ್ಮ ಅಣ್ಣು. ಏಳನೆಯವಳು ನಾನು. ಎಂಟನೆಯವರಿಗೆ ಕಾಲು ಚಾಚಲು ಜಾಗವಿಲ್ಲ. ಹಾಗಾಗಿ ನನ್ನ ಗಂಡ ಮಂಗಳವಾರ ಬೆಳಿಗ್ಗೆ ಬಂದು, ರಾತ್ರಿ ಊಟ ಮಾಡಿ, ಮಲಗಲು ಹೋಟೆಲಿಗೆ ಹೋಗುತ್ತಿದ್ದರು. ಬೇರೆ ಖೋಲಿ ಹಿಡಿಯಲು ಮಾಲಕನಿಗೆ ಪಗಡಿ ಎಂದು ದೊಡ್ಡ ಗಂಟು ಕೊಡಬೇಕು. ದೋಸೆ ಹೊಯ್ಯುವವರ ಹತ್ತಿರ ಅದು ಎಲ್ಲಿಂದ ಬರಬೇಕು?

ಮನೆಯೊಳಗೆ ನಾವು ಮಾತಾಡುವ ಹಾಗಿರಲಿಲ್ಲ. ಭಾವನ ಎದುರು ಗಂಡನ ಜೊತೆ ಮಾತಾಡುವುದು ನಮ್ಮಲ್ಲಿ ಪದ್ಧತಿ ಅಲ್ಲ. ಸಂಜೆ ಹೊರಗೆ ಹೋಗುವ ಎಂದರೆ ಭಾವನಿಗೆ ಅದೂ ಆಗದು.

"ಹೆಂಡತಿಯನ್ನು ಕಟ್ಟಿಕೊಂಡು ತಿರುಗ್ಲಿಕ್ಕೆ ನೀನೆಂತ ಸಿನಿಮಾದವನಾ?" ಎನ್ನುತ್ತಿದ್ದರು.

ಆದರೆ ಕೀರ್ತನೆ, ಭಜನೆ, ಹರಿಕತೆ ಎಂದರೆ ಅಡ್ಡಿ ಇಲ್ಲ. "ಹೋಗಿ ಬನ್ನಿ. ನಾಲ್ಕು ಒಳ್ಳೆ ಮಾತು ಕಿವಿಗೆ ಬೀಳ್ಲಿ."

ಅದಕ್ಕೆ ಪ್ರತಿ ಮಂಗಳವಾರ ನಾವು ಕೀರ್ತನೆಗೆ ಹೊರಟೆವು. ಮೊದಲ ಸಲ ನಿಜವಾಗಿಯೇ ಹೋದೆವು. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುವೆ ಹಗ್ಗ. ಅರ್ಧ ಗಂಟೆಗೆ ಅವರು ಆಚೆಯಿಂದ ಸನ್ನೆ ಮಾಡಿದರು. ಎದ್ದು ಬಂದೆವು. ಮತ್ತೆ ಆ ಕಡೆ ಹೋಗಲಿಲ್ಲ.

ದಾದರಿನಿಂದ ಮ್ಯೂಸಿಯಂವರೆಗೆ ಟ್ರಾಮು ಇತ್ತು. ಅಷ್ಟು ದೂರಕ್ಕೆ ಒಂದೆರಡು ಆಣೆ. ಅದಕ್ಕಿಂತ ಅಗ್ಗ ಬೇರೆ ಏನೂ ಇರಲಿಲ್ಲ. ಅದು ನಿಂತು ನಿಂತು ಹೋಗುವಾಗ ಒಂದು ಗಂಟೆ ಆಗುತ್ತಿತ್ತು. ಬೇರೆಯವರಿಗೆ ಅದು ತಡ, ನಮಗೆ ಲಾಭ. ಅವರು ಆ ವಾರದ ಸುಟ್ಟ ಗಾಯ ತೋರಿಸುತ್ತಿದ್ದರು. ಮಸಾಲೆ ದೋಸೆ ಹೇಳಿ ಪಲ್ಯ ಬೇಡ ಎನ್ನುವ ಗಿರಾಕಿಯ ಹಾಗೆ ಮಾತಾಡಿ ತೋರಿಸುತ್ತಿದ್ದರು. ನಾನು ನಗುವಾಗ ಕಂಡಕ್ಟರನೂ ನಗುತ್ತಿದ್ದ, ಅವನಿಗೆ ನಮ್ಮ ಭಾಷೆ ಬಾರದಿದ್ದರೂ.

ಬೊಂಬಾಯಿಯಲ್ಲಿ ಪುಕ್ಕಟೆ ಏನೇನು ಉಂಟು ಎಂದು ಅವರಿಗೆ ಗೊತ್ತಿತ್ತು. ಹೋಟೆಲಿಗೆ ಬಂದವರು ಆಡಿದ ಮಾತನ್ನೆಲ್ಲ ನೆನಪಿಡುತ್ತಿದ್ದರು. ಗಣಪತಿಯ ದಿನಗಳಲ್ಲಿ ಗಿರ್ಗಾಂವಿನ ರಸ್ತೆಯಲ್ಲೇ ದೊಡ್ಡ ದೊಡ್ಡವರು ಹಾಡುತ್ತಿದ್ದರು. ಮಂಟಪದಲ್ಲಿ ಜಾಗ ಸಿಗದವರು ಫುಟ್‌ಪಾತಿನಲ್ಲಿ ಪೇಪರು ಹಾಸಿ ಕೂರುತ್ತಿದ್ದರು. ನಾವೂ ಕೂತೆವು. ಬಾಂದ್ರಾದ ಮೇರಿಯಮ್ಮನ ಜಾತ್ರೆ, ಮಾಹಿಮಿನ ಉರುಸು, ಚೌಪಾಟಿಯ ಮರಳು, ಎಲ್ಲ ನಮ್ಮದೇ. ಸಾಂತಾಕ್ರೂಜಿನಲ್ಲಿ ಬೇಲಿಯ ಹೊರಗೆ ನಿಂತು ವಿಮಾನ ಇಳಿಯುವುದನ್ನು ನೋಡುತ್ತಿದ್ದೆವು. ವಿಮಾನ ತಲೆಯ ಮೇಲೆ ಬಂದಾಗಲೇ ಅವರು ನನ್ನ ಕಡೆ ತಿರುಗಿ ಏನೋ ಹೇಳುತ್ತಿದ್ದರು. ನನಗೆ ಕೇಳುತ್ತಿರಲಿಲ್ಲ. "ಎಂತ?" ಎಂದರೆ "ಎಂತ ಇಲ್ಲ" ಎನ್ನುತ್ತಿದ್ದರು. ಅದು ಏನೆಂದು ನಾನು ಒತ್ತಿ ಕೇಳಲಿಲ್ಲ. ಕೇಳಬೇಕಿತ್ತು.

ನಮಗೆ ಇಡೀ ಬೊಂಬಾಯಿ ಇತ್ತು. ಒಂದು ಮೂಲೆ ಇರಲಿಲ್ಲ.

ಮನೆಗೆ ಬಂದರೆ ಭಾವ ಬಟ್ಟಲ ಮುಂದೆ ಕೂತು ಕೇಳುವರು, "ಎಂತ ಕತೆ ಇವತ್ತು?" ಅದಕ್ಕೆ ನನ್ನ ಗಂಡ ಟ್ರಾಮಿನಲ್ಲಿ ಬರುವಾಗಲೇ ಒಂದು ಕತೆ ಕಟ್ಟಿಕೊಳ್ಳುತ್ತಿದ್ದರು. ರಾಜನಿಗೆ ಒಂದು ದನಿ, ಮಂತ್ರಿಗೆ ಒಂದು ದನಿ. ಮಕ್ಕಳು ಅನ್ನ ಬಿಟ್ಟು ಕೇಳುತ್ತಿದ್ದವು. ಅಕ್ಕ ಸೌಟು ಹಿಡಿದು ನಿಲ್ಲುತ್ತಿದ್ದರು. ಶೀಲಾವತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಎಲ್ಲಿಗೂ ಹೋದವರಲ್ಲ.

"ಇದು ಯಾವ ಪುರಾಣದಲ್ಲಿ ಉಂಟು ಮಾರಾಯ?" ಎಂದು ಭಾವ ಒಮ್ಮೆ ಕೇಳಿದರು.

"ಎಲ್ಲ ಪುರಾಣದಲ್ಲಿ ಸಿಗುದಿಲ್ಲ ಅಣ್ಣ. ಈ ಕೀರ್ತನೆಯ ಬುವಾ ಎಲ್ಲಿಂದಲೋ ಹುಡುಕಿ ತರ್ತಾರೆ."

ಹೀಗೆ ಮೂರು ವರ್ಷ ಹೋಯಿತು. 1955ರ ದೀಪಾವಳಿ ಕಳೆದು ಊರಿನಿಂದ ಅತ್ತೆಯ ಕಾಗದ ಬಂತು. ಭಾವ ಗಟ್ಟಿಯಾಗಿ ಓದಿದರು. ಮದುವೆಯಾಗಿ ಮೂರು ವರ್ಷವಾಯಿತು, ಹುಡುಗಿಯ ಹೊಟ್ಟೆ ಖಾಲಿ. ಅವಳನ್ನು ಊರಿಗೆ ಕಳಿಸು, ಮದ್ದು ಮಾಡಿಸುತ್ತೇನೆ. ಆಗದಿದ್ದರೆ ಮೋನಪ್ಪನಿಗೆ ಬೇರೆ ಹುಡುಗಿ ನೋಡುತ್ತೇನೆ.

ಭಾವ ಕಾಗದ ಮಡಚಿದರು. "ದೂಜ ಏಪ್ರಿಲಿನಲ್ಲಿ ಊರಿಗೆ ಹೋಗ್ತಾನೆ. ಅವನೊಟ್ಟಿಗೆ ಹೋಗ್ಲಿ." ದೂಜಣ್ಣ ನಮ್ಮ ಊರಿನವರು, ಫೋರ್ಟಿನ ಕಡೆ ಒಂದು ಆಫೀಸಿನಲ್ಲಿ ಪ್ಯೂನ್.

ನಾನು ಗೋಡೆ ನೋಡುತ್ತ ಕೂತಿದ್ದೆ.

ಮುಂದಿನ ಮಂಗಳವಾರ ಟ್ರಾಮಿನಲ್ಲಿ ಅವರು ಹೇಳಿದರು, "ಅಣ್ಣನಿಗೆ ನಾನು ಹೇಳ್ತೇನೆ."

"ಎಂತ ಹೇಳ್ತೀರಿ?"

ಜಾಗ ಕೊಟ್ಟ ಅಣ್ಣನ ಮುಂದೆ ನಿಂತು, ನಿನ್ನ ಮನೆಯಲ್ಲಿ ನಮಗೆ ಜಾಗ ಇಲ್ಲ ಎಂದು ಯಾವ ಬಾಯಿಯಿಂದ ಹೇಳುವುದು? ಮ್ಯೂಸಿಯಂವರೆಗೆ ಹೋಗಿ, ಇಳಿಯದೆ, ಅದೇ ಟ್ರಾಮಿನಲ್ಲಿ ಮತ್ತೆ ಟಿಕೇಟು ತೆಗೆದು ವಾಪಸು ಬಂದೆವು.

ಆ ಸಂಜೆ ಪಕ್ಕದ ಖೋಲಿಯ ಗಂಗುಬಾಯಿ, ಧಾರವಾಡದ ಕಡೆಯವಳು, ನಾವು ಹೆಸರು ಹೇಳಿ ಹೊರಟಿದ್ದ ಅದೇ ಕೀರ್ತನೆಗೆ ಹೋಗಿದ್ದಳು. ಬುವಾನಿಗೆ ಜ್ವರ. ಕೀರ್ತನೆ ಇಲ್ಲವೆಂದು ಎಲ್ಲರನ್ನೂ ಕಳಿಸಿಬಿಟ್ಟಿದ್ದರು. ಅವಳು ನಮಗಿಂತ ಮೊದಲೇ ಬಂದು ನಮ್ಮ ಹೊಸ್ತಿಲಲ್ಲಿ ಅಕ್ಕನ ಜೊತೆ ಕೂತಿದ್ದಳು. ನಮಗೆ ಇದು ಯಾವುದೂ ಗೊತ್ತಿಲ್ಲ.

"ಎಂತ ಕತೆ ಇವತ್ತು?" ಎಂದರು ಭಾವ.

"ರಾಜ ರಾಣಿಯದ್ದು ಅಣ್ಣ. ಬುವಾ ಇವತ್ತು ಭಾರೀ ಲಾಯ್ಕ ಹೇಳಿದ್ರು."

"ಯಾವ ಬುವಾರೀ? ಅಂವಗ..." ಎಂದು ಗಂಗುಬಾಯಿ ಬಾಯಿ ತೆರೆದಳು. ಅಕ್ಕ ಅವಳ ತೊಡೆ ಚಿವುಟಿದರು. ಅವಳು ಬಾಯಿ ಮುಚ್ಚಿದಳು.

ನನ್ನ ಗಂಡ ಕತೆ ಶುರು ಮಾಡಿದರು. ರಾಜ ರಾಣಿ ಅರಮನೆ ಬಿಟ್ಟು ದಿನಾ ಸಂಜೆ ಕಾಡಿಗೆ ಹೋಗುತ್ತಾರೆ.

ಅಕ್ಕನ ದೊಡ್ಡ ಮಗಳು ಕೇಳಿದಳು, "ಅರಮನೆ ಇರುವಾಗ ಕಾಡಿಗೆ ಯಾಕೆ ಹೋಗುದು ಚಿಕ್ಕಪ್ಪ?"

"ಅರಮನೆಯಲ್ಲಿ ನೆಂಟರು ಜಾಸ್ತಿ ಮಗಾ. ರಾಜನಿಗೆ ರಾಣಿ ಹತ್ರ ಮಾತಾಡ್ಲಿಕ್ಕೆ ಒಂದು ಮೂಲೆ ಇಲ್ಲ."

ಭಾವ ಹೊಟ್ಟೆ ಹಿಡಿದು ನಕ್ಕರು. ಮಕ್ಕಳೂ ನಕ್ಕವು. ಅಕ್ಕ ನಗಲಿಲ್ಲ. ಸೌಟಿನಲ್ಲಿದ್ದ ಸಾರು ನೆಲಕ್ಕೆ ಬೀಳುತ್ತಿತ್ತು, ಅವರು ನೋಡಲಿಲ್ಲ.

ಮರುದಿನ ಬೆಳಿಗ್ಗೆ ನಳದ ಹತ್ತಿರ ಅಕ್ಕ ನನ್ನನ್ನು ಹಿಡಿದರು. "ನಿನ್ನೆ ಎಲ್ಲಿಗೆ ಹೋಗಿದ್ರಿ ಪ್ರಫುಲ್ಲಾ? ಸುಳ್ಳು ಬೇಡ. ಬುವಾ ಹಾಸಿಗೆ ಹಿಡಿದಿದ್ದಾನೆ, ಗಂಗು ಹೇಳಿದ್ದಾಳೆ."

"ಟ್ರಾಮಿನಲ್ಲಿ ಕೂತಿದ್ದೆವು."

"ಕೂತು?"

"ಮಾತಾಡಿದೆವು."

"ಮೂರು ವರ್ಷದಿಂದ ಮಾತಾಡುದಾ? ಮತ್ತೆ ಅಲ್ಲಿ ಅತ್ತೆ ಮದ್ದು ಅರೆದು ಕೂತಿದ್ದಾರಲ್ಲ?"

ನನಗೆ ಸಿಟ್ಟು ಬಂತು. ಅದುವರೆಗೆ ನಾನು ಅಕ್ಕನಿಗೆ ಎದುರು ಮಾತಾಡಿದವಳಲ್ಲ. "ಮಗು ಎಂತ ಟ್ರಾಮಿನಲ್ಲಿ ಆಗ್ತದಾ ಅಕ್ಕ?" ಎಂದುಬಿಟ್ಟೆ.

ಕೊಡಪಾನ ತುಂಬಿ ಹರಿಯಿತು. ಅಕ್ಕ ಕೊಡಪಾನ ಎತ್ತಿ ಸೊಂಟಕ್ಕೆ ಇಟ್ಟು ಮೆಟ್ಟಿಲು ಹತ್ತಿ ಹೋದರು. ನಾನು ಹಾಳಾದೆ ಎಂದುಕೊಂಡೆ. ಈಗ ಏಪ್ರಿಲಿನವರೆಗೂ ಇರಿಸುವುದಿಲ್ಲ, ನಾಳೆಯೇ ಕಳಿಸುತ್ತಾರೆ.

ಹದಿನೈದು ದಿನ ಅಕ್ಕ ಆ ಮಾತು ಎತ್ತಲಿಲ್ಲ. ಆಮೇಲೆ ಒಂದು ದಿನ ಭಾವನಿಗೆ ಅನ್ನ ಬಡಿಸುತ್ತ ಹೇಳಿದರು, "ಶನಿವಾರ ಘಾಟ್ಕೋಪರಿನಲ್ಲಿ ನಮ್ಮವರ ಆಟ ಉಂಟಂತೆ. ಬೆಳಗಿನವರೆಗೆ. ಟಿಕೇಟು ಇಲ್ಲ. ನನಗೆ ಹೋಗ್ಬೇಕು."

ಆಟ ಎಂದರೆ ಯಕ್ಷಗಾನ. ಹೋಟೆಲು ಕೆಲಸದವರೇ ಸೇರಿ ಕಟ್ಟಿದ ಮೇಳ.

ಭಾವ ತುತ್ತು ಕೈಯಲ್ಲಿ ಹಿಡಿದು ನೋಡಿದರು. "ನಿನಗೆ? ಆಟ?"

"ಬೊಂಬಾಯಿಗೆ ಬಂದು ಹನ್ನೊಂದು ವರ್ಷ ಆಯ್ತು. ಈ ನಳ ಬಿಟ್ಟು ಎಂತ ನೋಡಿದ್ದೇನೆ ನಾನು? ಮಕ್ಕಳೂ ಬರ್ಲಿ. ಅಣ್ಣುವೂ ಬರ್ಲಿ, ಚಿಕ್ಕವನನ್ನು ಎತ್ತಿಕೊಳ್ಲಿಕ್ಕೆ ಜನ ಬೇಕು. ಪ್ರಫುಲ್ಲಾ ಮನೆ ಕಾಯ್ತಾಳೆ."

"ಹೆಂಗಸು ಒಬ್ಬಳೇ?"

"ಅದಕ್ಕೇ ಮೋನಪ್ಪನಿಗೆ ಹೇಳಿ. ಹೋಟೆಲು ಮುಚ್ಚಿದ ಮೇಲೆ ಬಂದು ಇಲ್ಲೇ ಮಲಗ್ಲಿ. ಮೊನ್ನೆ ಕೆಳಗಿನ ಮಾಳಿಗೆಯಲ್ಲಿ ಪಾತ್ರೆ ಕದ್ದಿದ್ದಾರೆ."

ಭಾವ ಪಾಪದವರು. "ಛೇ, ಅವನಿಗೆ ಇಂಥದ್ದು ಅಂದ್ರೆ ಪ್ರಾಣ. ಅವ ಆಟಕ್ಕೆ ಹೋಗ್ಲಿ, ಮನೆಯಲ್ಲಿ ನಾನು ಇರ್ತೇನೆ" ಎಂದರು.

"ನಿಮಗೆ ಬುದ್ಧಿ ಎಂಬುದು ಉಂಟಾ?" ಅಕ್ಕ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದರು. "ಅವ ಮೂರು ವರ್ಷದಿಂದ ನೋಡಿದ್ದು ಸಾಕು. ನೀವು ನನ್ನೊಟ್ಟಿಗೆ ಬರ್ಬೇಕು."

ಭಾವ ತಲೆಯಾಡಿಸಿ ಅನ್ನ ಕಲಸಿದರು.

ಶನಿವಾರ ರಾತ್ರಿ ಆರು ಜನ ಗೋಣಿ, ಕಂಬಳಿ, ಬುತ್ತಿ ಕಟ್ಟಿಕೊಂಡು ಲೋಕಲ್ ಹಿಡಿಯಲು ಹೊರಟರು. ಅಕ್ಕ ನನ್ನ ಮುಖ ನೋಡಲಿಲ್ಲ. "ಬೆಳಗಿನ ಮೊದಲ ಗಾಡಿಗೆ ಬರುದು. ಅದಕ್ಕಿಂತ ಮೊದಲು ಯಾರು ಬಾಗಿಲು ಬಡಿದ್ರೂ ತೆಗೀಬೇಡ" ಎಂದು ಹೋದರು.

ಹನ್ನೊಂದು ಗಂಟೆಗೆ ನನ್ನ ಗಂಡ ಬಂದರು. ಮಂಗಳವಾರದ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿದರು, "ಎಲ್ಲಿಗೆ ಹೋಗುವ?"

"ಎಲ್ಲಿಗೂ ಬೇಡ" ಎಂದೆ.

ಅವರು ಒಳಗೆ ಬಂದರು. ಆ ಕೋಣೆಯನ್ನು ಖಾಲಿಯಾಗಿ ಅವರು ಒಮ್ಮೆಯೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಚಪ್ಪಲಿ ಬಿಟ್ಟು ಆ ಗೋಡೆಯಿಂದ ಈ ಗೋಡೆಗೆ ನಡೆದರು. ನಡುವಿನಲ್ಲಿ ಕೈಕಾಲು ಚಾಚಿ ಅಂಗಾತ ಮಲಗಿದರು.

"ಇಷ್ಟು ದೊಡ್ಡದಾ ಇದು?" ಎಂದರು.

ಅದನ್ನೂ ಪಿಸುಮಾತಿನಲ್ಲೇ ಹೇಳಿದರು. ಕೇಳುವವರು ಯಾರೂ ಇರಲಿಲ್ಲ. ಗಟ್ಟಿಯಾಗಿ ಮಾತಾಡಲು ನಮಗೆ ಟ್ರಾಮಿನ ಸದ್ದು ಬೇಕಿತ್ತು. ಬಹಳ ಹೊತ್ತು ಪಿಸುಗುಟ್ಟುತ್ತಲೇ ಇದ್ದೆವು. ಆಮೇಲಿನದು ಬರೆಯುವ ಸಂಗತಿಯಲ್ಲ.

ಬೆಳಿಗ್ಗೆ ಅಕ್ಕ ಕಣ್ಣು ಕೆಂಪು ಮಾಡಿಕೊಂಡು ಬಂದರು. ಭಾವ ವೇಷಗಳನ್ನು ಹೊಗಳಿದ್ದೇ ಹೊಗಳಿದ್ದು. ಅಕ್ಕ ಚಾ ಕುಡಿದು ಮಲಗಿದರು.

ಅಂದಿನಿಂದ ಅಕ್ಕನಿಗೆ ಹುಚ್ಚು ಹಿಡಿಯಿತು ಎಂದು ಚಾಳಿನಲ್ಲಿ ಮಾತು. ಜನವರಿ 26ರ ರಾತ್ರಿ ಲೈಟಿಂಗ್ ನೋಡಲು ಎಲ್ಲರನ್ನೂ ಲಾರಿಗೆ ಹತ್ತಿಸಿ ಕರೆದುಕೊಂಡು ಹೋದರು. ಫೆಬ್ರವರಿಯಲ್ಲಿ ಸಾಂತಾಕ್ರೂಜಿನಲ್ಲಿ ಆಟ. ಶಿವರಾತ್ರಿಯಲ್ಲಿ ಜಾಗರಣೆ. ಪ್ರತಿ ಸಲವೂ ಮನೆ ಕಾಯಲು ನಾವಿಬ್ಬರು.

"ಏನ್ರೀ ಶೀಲಕ್ಕ, ಈ ವಯಸ್ಸಿನ್ಯಾಗ ಇಷ್ಟ ತಿರುಗಾಟ?" ಎಂದು ಗಂಗುಬಾಯಿ ಕೆಣಕಿದಳು.

"ನಿನಗೆ ಹೊಟ್ಟೆಕಿಚ್ಚಾದ್ರೆ ನೀನೂ ಬಾ" ಎಂದರು ಅಕ್ಕ. ಅವಳೂ ಹೋದಳು.

ಅಕ್ಕನಿಗೆ ಆಟ ಎಂದರೆ ಆಗುತ್ತಿರಲಿಲ್ಲ. ಚೆಂಡೆಯ ಸದ್ದಿಗೆ ಅವರಿಗೆ ತಲೆನೋವು. ರಾತ್ರಿಯಿಡೀ ಕಿವಿಗೆ ಸೆರಗು ಸುತ್ತಿಕೊಂಡು, ಚಳಿಯಲ್ಲಿ, ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿರುತ್ತಿದ್ದರಂತೆ. ಇದನ್ನು ಅಣ್ಣು ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ.

ಏಪ್ರಿಲ್ ಬಂತು. ನನಗೆ ಇನ್ನೂ ಏನೂ ಆಗಿರಲಿಲ್ಲ. ದೂಜಣ್ಣ ಟಿಕೇಟಿನ ಮಾತಿಗೆ ಮನೆಗೆ ಬಂದರು. ಅದು ಮಂಗಳವಾರ. ನನ್ನ ಗಂಡ ಗ್ಯಾಲರಿಯ ಕಟಾಂಜನ ಹಿಡಿದು ನಿಂತಿದ್ದರು. ನಾನು ಒಲೆಯ ಹತ್ತಿರ ಇದ್ದೆ. ನನ್ನ ಟ್ರಂಕನ್ನು ಭಾವ ಆಗಲೇ ಅಟ್ಟದಿಂದ ಇಳಿಸಿ ಇಟ್ಟಿದ್ದರು.

"ಮತ್ತೆ, ಹುಡುಗಿ ತಯಾರು ಉಂಟಲ್ಲ?" ಎಂದರು ದೂಜಣ್ಣ.

ಭಾವ ಹೂಂ ಎನ್ನುವ ಮೊದಲೇ ಅಕ್ಕ ಹೇಳಿದರು, "ಅವಳು ಬರುದಿಲ್ಲ."

"ಅತ್ತೆ ಕಾಯ್ತಾ ಇದ್ದಾರಲ್ಲ ಶೀಲಾವತಿ? ಅವರಿಗೆ ಎಂತ ಹೇಳುದು ನಾನು?"

"ಇಲ್ಲಿ ಮದ್ದು ಶುರು ಆಗಿದೆ, ನಡುವಲ್ಲಿ ಬಿಡ್ಲಿಕ್ಕೆ ಇಲ್ಲ ಅಂತ ಹೇಳಿ. ಒಂದು ವರ್ಷ ಬೇಕು. ಹೇಳಿದವಳು ನಾನು ಅಂತಲೂ ಹೇಳಿ."

ಭಾವ ಅಕ್ಕನ ಮುಖ ನೋಡಿದರು. ನನ್ನ ಕಡೆ ನೋಡಿದರು. ಆಮೇಲೆ ಹೊರಗೆ ನಿಂತ ತಮ್ಮನ ಬೆನ್ನು ನೋಡಿದರು. ಎದ್ದು ಟ್ರಂಕನ್ನು ಎತ್ತಿ ತಿರುಗಿ ಅಟ್ಟಕ್ಕೆ ಇಟ್ಟರು.

ದೂಜಣ್ಣ ಒಬ್ಬರೇ ಊರಿಗೆ ಹೋದರು.

ವಿನೋದಿನಿ ಮರುವರ್ಷ ಮಾರ್ಚಿನಲ್ಲಿ ಹುಟ್ಟಿದಳು. ಅವಳ ಹಿಂದೆ ಇಬ್ಬರು ಗಂಡು. ಘಾಟ್ಕೋಪರಿನಲ್ಲಿ ನಮ್ಮದೇ ಖೋಲಿ ಆಗಲು ಇನ್ನೂ ಮೂರು ವರ್ಷ ಹಿಡಿಯಿತು.

ಅಕ್ಕ ನಮ್ಮ ಮನೆಗೆ ಬಂದರೆ ನನ್ನ ಗಂಡ ಎದ್ದು ನಿಲ್ಲುತ್ತಿದ್ದರು. ಅಕ್ಕ ಹೊರಡುವವರೆಗೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮುದುಕರಾಗಿ ಮಂಡಿ ನೋವು ಬಂದ ಮೇಲೂ ಹಾಗೆಯೇ, ಗೋಡೆಗೆ ಒರಗಿ ನಿಲ್ಲುತ್ತಿದ್ದರು. "ಕೂತ್ಕೋ ಮಾರಾಯ, ನನಗೆ ನಿನ್ನನ್ನು ನೋಡಿ ಕಾಲು ನೋಯ್ತದೆ" ಎಂದು ಅಕ್ಕ ಬೈಯುತ್ತಿದ್ದರು. ಅವರು ಕೂರಲಿಲ್ಲ. ಯಾಕೆ ಎಂದು ಮಕ್ಕಳು ಎಷ್ಟು ಸಲ ಕೇಳಿದರೂ ಅವರು ಹೇಳಲಿಲ್ಲ. ನಾನು ಈಗ ಹೇಳಿದ್ದೇನೆ.